ಒಟ್ಟುರೊಟ್ಟಿ: ಒಂದು ಟೆಕ್ಸ್‌-ಮೆಕ್ಸ್ ಅಡುಗೆಯ ಕನ್ನಡ ಪ್ರಸಂಗ

ಕನ್ನಡ ಸಮ್ಮೇಳನಗಳ ಯಶಸ್ಸನ್ನು ಅಳೆಯಲು ನಮ್ಮವರಲ್ಲಿ ಒಂದು ಗುಟ್ಟಾದ ಅಳತೆಗೋಲುಂಟು. ಮೂರು ದಿನಗಳ ಕಾಲ ಕವಿಗೋಷ್ಠಿ, ಯಕ್ಷಗಾನ, ಭಾಷಣ, ಸನ್ಮಾನಗಳು ಎಷ್ಟೇ ಸೊಗಸಾಗಿ ನಡೆದಿರಲಿ, ಮನೆಗೆ ಮರಳಿದವರನ್ನು ಬಂಧುಮಿತ್ರರು ಮೊದಲು ಕೇಳುವ ಪ್ರಶ್ನೆ ಒಂದೇ: "ಊಟ ಹೇಗಿತ್ತು?" ಚಿರೋಟಿ ಗರಿಗರಿಯಾಗಿತ್ತೇ, ಬಿಸಿಬೇಳೆಬಾತಿಗೆ ತುಪ್ಪ ಧಾರಾಳವಾಗಿತ್ತೇ, ಹೋಳಿಗೆ ಎರಡನೆಯ ಪಂಕ್ತಿಯವರಿಗೂ ಸಿಕ್ಕಿತೇ ಎಂಬ ವಿಚಾರಣೆ ಮುಗಿದ ಬಳಿಕವೇ ಸಾಹಿತ್ಯದ ಸರದಿ. ಕಡಲು ದಾಟಿ ಬಂದ ನಮ್ಮ ಕನ್ನಡತನದ ಬಹುಭಾಗ ಊಟದ ಎಲೆಯ ಮೇಲೆ ಬಂದು ನೆಲೆಸಿದೆ ಎಂದರೆ ಉತ್ಪ್ರೇಕ್ಷೆಯಾಗದು. ಆದರೆ ಅಲ್ಲಿ ಅದು ಸುರಕ್ಷಿತವಾಗಿದೆಯೇ? ಅಡುಗೆ ಉಳಿದರೆ ನುಡಿಯೂ ತಾನಾಗಿಯೇ ಉಳಿಯುತ್ತದೆಯೇ?

ಈ ಪ್ರಶ್ನೆಯನ್ನು ಪರಿಶೀಲಿಸಲು ಹೋಳಿಗೆ, ಮಜ್ಜಿಗೆಹುಳಿಗಳನ್ನು ಬದಿಗಿಟ್ಟು, ಕನ್ನಡದ ಸೋಂಕೇ ಇಲ್ಲವೆಂದು ತೋರುವ ಒಂದು ಅಡುಗೆಯನ್ನು ಆರಿಸಿಕೊಂಡಿದ್ದೇನೆ. ಅದು ಟೆಕ್ಸ್‌-ಮೆಕ್ಸ್ ಕ್ಯಾಸರೋಲ್. ಗಾಜಿನ ಪಾತ್ರೆಯಲ್ಲಿ ಮೆಕ್ಕೆಜೋಳದ ಟೋರ್ಟಿಯಾ, ಬೆಂದ ಬೀನ್ಸ್, ಕೆಂಪು ಮೆಣಸಿನಕಾಯಿಯ ಸಾರ, ತುರಿದ ಚೀಸ್‌ಗಳನ್ನು ಪದರಪದರವಾಗಿ ಹರಡಿ ಅವನ್‌ನಲ್ಲಿ ಬೇಯಿಸುವ ಭಕ್ಷ್ಯ ಅದು.

ಸಿಯಾಟಲ್ ನಗರದ ಪೂರ್ವಕ್ಕೆ, ಲೇಕ್ ವಾಷಿಂಗ್ಟನ್ ಸರೋವರದ ಆಚೆಯ ದಡದಲ್ಲಿರುವ ಬೆಲ್‌ವ್ಯೂನಲ್ಲಿ ನಮ್ಮ ಮನೆ. ಮೈಸೂರಿನಲ್ಲಿ ಇತಿಹಾಸ ಮತ್ತು ಐಚ್ಛಿಕ ಕನ್ನಡವನ್ನು ಓದಿ ಬಿ.ಎ. ಪದವಿ ಪಡೆದ ನಾನು ಸುಮಾರು ಮೂರು ದಶಕಗಳಿಂದ ಇಲ್ಲಿ ಗೃಹಿಣಿ. ಭಾನುವಾರ ರಾತ್ರಿ ನಮ್ಮ ಊಟದ ಮೇಜಿನ ಸುತ್ತ ಆರು ಮಂದಿ ಸೇರುತ್ತೇವೆ: ನಾವಿಬ್ಬರು, ಎಂಬತ್ತೆರಡು ವರ್ಷದ ಅತ್ತೆಯವರು, ಕಾಲೇಜಿನಲ್ಲಿ ಓದುತ್ತಿರುವ ಮಗಳು, ಮಗ, ಸೊಸೆ. ಮಗ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಓದಿದವನು. ಸೊಸೆ ಅದೇ ರಾಜ್ಯದ ಸ್ಯಾನ್ ಆಂಟೋನಿಯೋದವಳು, ಮೆಕ್ಸಿಕನ್ ಮೂಲದ ಮನೆತನದ ಹುಡುಗಿ. ಈ ಭಕ್ಷ್ಯ ನಮ್ಮ ಮನೆಗೆ ಬಂದದ್ದು ಅವಳ ತವರಿನ ಬಳುವಳಿಯಾಗಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿ, ಮಳೆ ಜಿನುಗುತ್ತಲೇ ಇರುವ ಈ ಊರಿನಲ್ಲಿ ಅವನ್‌ನ ಬಿಸಿಯೂ ಊಟದ ಒಂದು ಭಾಗವೇ ಸರಿ.

ಟೆಕ್ಸ್‌-ಮೆಕ್ಸ್ ಎಂಬ ಹೆಸರು ಮೊದಲು ಅಡುಗೆಗೆ ಸಂಬಂಧಿಸಿದ್ದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಟೆಕ್ಸಾಸ್ ಮೆಕ್ಸಿಕನ್ ರೈಲ್ವೆಯನ್ನು ಜನ ಹಾಗೆ ಚುಟುಕಾಗಿ ಕರೆಯುತ್ತಿದ್ದರು. ಟೆಕ್ಸಾಸ್ ೧೮೩೬ರವರೆಗೆ ಮೆಕ್ಸಿಕೋ ದೇಶದ ಭಾಗವಾಗಿತ್ತು. ೧೮೪೫ರಲ್ಲಿ ಅಮೆರಿಕದ ಒಕ್ಕೂಟವನ್ನು ಸೇರಿತು. ಗಡಿ ಸರಿಯಿತು, ಜನ ಇದ್ದಲ್ಲಿಯೇ ಇದ್ದರು. ತಮ್ಮ ತಲೆಯ ಮೇಲೆ ಗಡಿಗೆರೆ ಹಾದುಹೋದವರ ಸಂಕಟವೇನೆಂಬುದನ್ನು ೧೯೫೬ರ ತರುವಾಯದ ಕಾಸರಗೋಡಿನ ಕನ್ನಡಿಗರನ್ನು ಬಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ಗಡಿನಾಡಿನ ಒಲೆಗಳ ಮೇಲೆ ಹುಟ್ಟಿದ ಮಿಶ್ರ ಪಾಕವೇ ಇದು. ೧೭೩೧ರಲ್ಲಿ ಕೆನರಿ ದ್ವೀಪಗಳಿಂದ ಸ್ಯಾನ್ ಆಂಟೋನಿಯೋಗೆ ಬಂದು ನೆಲೆಸಿದ ಕುಟುಂಬಗಳು ತಮ್ಮೊಡನೆ ಜೀರಿಗೆಯ ರುಚಿಯನ್ನು ತಂದರೆಂದು ಹೇಳುತ್ತಾರೆ. ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ೧೮೯೦ರ ದಶಕದಲ್ಲಿ ಟೆಕ್ಸಾಸಿನಲ್ಲಿ ಮೆಣಸಿನಪುಡಿಯನ್ನು ಸೀಸೆಯಲ್ಲಿ ತುಂಬಿ ಮಾರತೊಡಗಿದ. ದನ ಸಾಕುವ ಆ ಸೀಮೆಯಲ್ಲಿ ಹಳದಿ ಚೀಸ್ ಹೇರಳವಾಗಿ ಸೇರಿಕೊಂಡಿತು. ೧೯೭೨ರಲ್ಲಿ ಡಯಾನಾ ಕೆನಡಿ ಎಂಬ ಲೇಖಕಿ ಮೆಕ್ಸಿಕೋದ ಅಡುಗೆಗಳನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ, ಅಪ್ಪಟ ಮೆಕ್ಸಿಕನ್ ಅಡುಗೆ ಬೇರೆ, ಗಡಿಯ ಈಚೆಯದು ಬೇರೆ ಎಂಬ ಭೇದ ಎಲ್ಲರ ಬಾಯಲ್ಲೂ ನೆಲೆಗೊಂಡಿತು. ಅಪ್ಪಟವಲ್ಲವೆಂಬ ಮಾತನ್ನು ನಮ್ಮ ಅನಿವಾಸಿ ಮಕ್ಕಳೂ ಕೇಳಿದ್ದಾರಲ್ಲವೇ!

ಇನ್ನು ಅಡುಗೆಮನೆಯ ಕಷ್ಟ. ಅತ್ತೆಯವರು ಅರಸೀಕೆರೆಯ ಕಡೆಯ ಆಚಾರವಂತ ಮನೆತನದವರು, ಶುದ್ಧ ಸಸ್ಯಾಹಾರಿ. ಮಿಕ್ಕವರು ಹೊರಗಿನ ತಿನಿಸನ್ನು ತಂದಾಗಲೆಲ್ಲ ಅವರು ಬೇಗನೆ ಮೊಸರನ್ನ ಉಂಡು ತಮ್ಮ ಕೋಣೆಯನ್ನು ಸೇರುವುದು ವಾಡಿಕೆಯಾಗಿತ್ತು. ವಾರದ ಒಂದು ರಾತ್ರಿಯಾದರೂ ಆರೂ ಜನ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣಬೇಕೆಂಬುದು ನನ್ನ ಹಟ. ಅದಕ್ಕಾಗಿ ಅಂಗಡಿಯ ಡಬ್ಬಿಗಳ ಮೇಲಿನ ಸಣ್ಣಕ್ಷರಗಳನ್ನು, ಕಾಲೇಜಿನಲ್ಲಿ ಶಾಸನಗಳನ್ನು ಓದಿದಷ್ಟೇ ನಿಷ್ಠೆಯಿಂದ ಓದಿದೆ.

ಅಲ್ಲಿ ತಿಳಿದ ಸಂಗತಿಗಳನ್ನು ಹೊಸದಾಗಿ ಸಂಸಾರ ಹೂಡಿರುವ ಸೋದರಿಯರಿಗಾಗಿ ಬರೆಯುತ್ತೇನೆ. ಡಬ್ಬಿಯಲ್ಲಿ ಬರುವ ರಿಫ್ರೈಡ್ ಬೀನ್ಸ್‌ಗೆ ಸಂಪ್ರದಾಯದಂತೆ ಲಾರ್ಡ್, ಅಂದರೆ ಹಂದಿಯ ಕೊಬ್ಬು, ಸೇರಿರುತ್ತದೆ. ಸಸ್ಯಾಹಾರಿ ಎಂದು ಸ್ಪಷ್ಟವಾಗಿ ಮುದ್ರಿಸಿದ ಡಬ್ಬಿಗಳು ಬೇರೆ ಇರುತ್ತವೆ. ಹೆಸರು ಕೇಳಿ ಎರಡು ಬಾರಿ ಹುರಿದದ್ದೆಂದು ಭಾವಿಸಬೇಡಿ. ಸ್ಪ್ಯಾನಿಷಿನಲ್ಲಿ ಆ ಉಪಸರ್ಗಕ್ಕೆ "ಚೆನ್ನಾಗಿ" ಎಂಬ ಅರ್ಥವೂ ಉಂಟು. ಗೋಧಿಯ ಟೋರ್ಟಿಯಾಗಳಲ್ಲಿಯೂ ಕೆಲವೊಮ್ಮೆ ಲಾರ್ಡ್ ಇರುತ್ತದೆ; ಮೆಕ್ಕೆಜೋಳದವುಗಳಲ್ಲಿ ಸಾಮಾನ್ಯವಾಗಿ ಹಿಟ್ಟು, ನೀರು, ಸುಣ್ಣವಷ್ಟೇ. ಸಿದ್ಧ ಎಂಚಿಲಾಡ ಸಾಸಿನಲ್ಲಿ ಕೋಳಿಯ ಸಾರು, ಕೆಲವು ಸೌರ್ ಕ್ರೀಮ್‌ಗಳಲ್ಲಿ ಜಿಲಾಟಿನ್ ಅಡಗಿರಬಹುದು. ಚೀಸ್ ಮಾಡಲು ಹಾಲನ್ನು ಒಡೆಸುವ ರೆನೆಟ್ ಎಂಬ ವಸ್ತುವನ್ನು ಹಿಂದೆ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ೧೯೯೦ರಲ್ಲಿ ಅಮೆರಿಕ ಸರ್ಕಾರ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟಿಗೆ ಅನುಮತಿ ನೀಡಿದ ಮೇಲೆ ಇಲ್ಲಿನ ಹೆಚ್ಚಿನ ಚೀಸ್ ಆ ಬಗೆಯದಾಗಿದೆ. ಆದರೂ ಓದಿಯೇ ಕೊಳ್ಳುವುದು ಮೇಲು. ಪ್ರತಿಯೊಂದನ್ನೂ ಅತ್ತೆಯವರ ಮುಂದಿಟ್ಟು ಕನ್ನಡದಲ್ಲಿ ಅರ್ಥ ಹೇಳಿದೆ. ನ್ಯಾಯಾಧೀಶರಂತೆ ಕೇಳಿ ಒಂದೊಂದಕ್ಕೂ ತೀರ್ಪಿತ್ತರು. ಕಡೆಗೆ, "ಚೀಸ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೀನೇ ಮಾಡು, ತಿನ್ನುತ್ತೇನೆ" ಎಂದರು.

ಮೆಕ್ಕೆಜೋಳದ ಟೋರ್ಟಿಯಾವನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಅವರು ಮೂಸಿ ನೋಡಿ, "ಇದಕ್ಕೆ ಸುಣ್ಣ ಹಾಕಿದ್ದಾರೆಯೇ?" ಎಂದು ಕೇಳಿದರು. ಅರವತ್ತು ವರ್ಷ ಎಲೆಅಡಿಕೆ ಹಾಕಿಕೊಂಡ ಮೂಗು ಹೇಗೆ ಮೋಸ ಹೋದೀತು! ಹೌದು, ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಸಿಪ್ಪೆಯನ್ನು ಉಜ್ಜಿ ತೆಗೆದು ಅರೆಯುವುದು ಮೆಕ್ಸಿಕೋದ ಆದಿವಾಸಿಗಳ ಸಾವಿರಾರು ವರ್ಷಗಳ ಜ್ಞಾನ. ಇದರಿಂದ ಹಿಟ್ಟಿಗೆ ಜಿಗುಟು ಬರುವುದಷ್ಟೇ ಅಲ್ಲ, ಕಾಳಿನಲ್ಲಿ ಬಂಧಿಯಾಗಿದ್ದ ನಯಾಸಿನ್ ಎಂಬ ಪೋಷಕಾಂಶ ಬಿಡುಗಡೆಯಾಗುತ್ತದೆ. ಯೂರೋಪಿನವರು ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಕಲಿಯಲಿಲ್ಲ. ಅದರ ಫಲವಾಗಿ ಮೆಕ್ಕೆಜೋಳವೊಂದನ್ನೇ ನಂಬಿದ ಇಟಲಿಯ ಬಡವರೂ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರೂ ಪೆಲಾಗ್ರ ರೋಗಕ್ಕೆ ತುತ್ತಾದರು. ಪದಾರ್ಥವನ್ನು ಮಾತ್ರ ಒಯ್ದು ಅದರ ಹಿಂದಿನ ಮಾತನ್ನು ಬಿಟ್ಟು ಬಂದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಈ ಮೆಕ್ಕೆಜೋಳದ ಕಥೆಗೂ ನಮ್ಮ ನಾಡಿಗೂ ಒಂದು ಕುತೂಹಲಕರ ನಂಟಿದೆ. ನಮ್ಮ ರಾಜ್ಯದ ದಕ್ಷಿಣಕ್ಕಿರುವ ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್, ಆನ್ ಪಾರ್ಕರ್ ಅವರೊಡನೆ ೧೯೮೯ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇಗುಲಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಅದು ಭಾರತವನ್ನು ತಲಪಿತ್ತು ಎಂಬುದು ಅವರ ವಾದ. ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ ಅದನ್ನು ಒಪ್ಪದೆ, ಅದು ತೆನೆಯಲ್ಲ, ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲವೆಂದು ವಾದಿಸಿದರು. ವಿದ್ವಾಂಸರಲ್ಲಿ ಹೆಚ್ಚಿನವರ ಒಲವು ಎರಡನೆಯ ಪಕ್ಷದ ಕಡೆಗೆ. ಅಮೆರಿಕದ ಬೆಳೆಗಳು ನಮ್ಮಲ್ಲಿಗೆ ಬಂದದ್ದು ೧೪೯೨ರ ನಂತರ, ಬಹುಮಟ್ಟಿಗೆ ಪೋರ್ಚುಗೀಸರ ಹಡಗುಗಳಲ್ಲಿ. ೧೫೧೦ರಲ್ಲಿ ಅವರ ವಶವಾದ ಗೋವೆ ನಮ್ಮ ನೆರೆಯದೇ.

ನನ್ನ ಮನಸ್ಸನ್ನು ಸೆಳೆಯುವುದು ಬಂದ ದಾರಿಗಿಂತ ಬಂದವುಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರು. ಹೊರಗಿನಿಂದ ಬಂದ ಖಾರದ ಕಾಯಿಗೆ ತಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಹುರುಳಿಯನ್ನು ನೆನೆದು ಬೀನ್ಸನ್ನು ಹುರುಳಿಕಾಯಿ ಎಂದರು. ಪರಂಗಿಯವರು ತಂದ ಹಣ್ಣು ಪರಂಗಿಹಣ್ಣಾಯಿತು. ಸಿಪ್ಪೆಯ ಮುಸುಕು ಹೊದ್ದು ಬಂದ ಜೋಳವನ್ನು ಹಳೆಯ ಮೈಸೂರಿನವರು ಮುಸುಕಿನ ಜೋಳ ಎಂದೂ ಉತ್ತರ ಕರ್ನಾಟಕದವರು ಗೋವಿನಜೋಳ ಎಂದೂ ಕರೆದರು. ಹೆಸರಿಟ್ಟ ದಿನದಿಂದ ಅವೆಲ್ಲ ನಮ್ಮವಾದವು. ಇಂದು ಮೆಣಸಿನಕಾಯಿಯಿಲ್ಲದ ಸಾರನ್ನು ಊಹಿಸಿಕೊಳ್ಳಬಲ್ಲವರಾರು? ಹಾವೇರಿ ಸೀಮೆಯ ಬ್ಯಾಡಗಿಯ ಕಾಯಿ ೨೦೧೧ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯನ್ನೂ ಪಡೆಯಿತು.

ಆ ಬ್ಯಾಡಗಿಯೇ ನನ್ನ ಕ್ಯಾಸರೋಲಿನ ಜೀವಾಳ. ಟೆಕ್ಸಾಸಿನವರು ಇದಕ್ಕೆ ಆಂಚೋ ಎಂಬ ಒಣಮೆಣಸಿನಕಾಯಿ ಬಳಸುತ್ತಾರೆ. ಬ್ಯಾಡಗಿಯಲ್ಲೂ ಹಾಗೆಯೇ ಬಣ್ಣ ಹೆಚ್ಚು, ಖಾರ ಮಿತ, ಮೈಯೆಲ್ಲ ಸುಕ್ಕು. ಹನ್ನೆರಡು ಕಾಯಿಗಳ ಬೀಜ ಉದುರಿಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು, ನಾಲ್ಕು ಹಣ್ಣು ಟೊಮೆಟೊ, ಒಂದು ಚಮಚ ಹುರಿದ ಜೀರಿಗೆ, ಚಿಟಿಕೆ ಆರೆಗಾನೊ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಎರಡು ಚಮಚ ಎಣ್ಣೆಯಲ್ಲಿ ಒಂದು ಚಮಚ ಮೆಕ್ಕೆಜೋಳದ ಹಿಟ್ಟನ್ನು ಹುರಿದು, ರುಬ್ಬಿದ್ದನ್ನು ಹಾಕಿ, ನೀರು ಬೆರೆಸಿ ಮೂರು ಕಪ್ಪಿನಷ್ಟು ಸಾಸ್ ಕುದಿಸಿಕೊಳ್ಳುವುದು. ಈರುಳ್ಳಿ, ಬೆಳ್ಳುಳ್ಳಿಗಳ ಸ್ಥಾನದಲ್ಲಿ ನಮ್ಮ ಮನೆಯಲ್ಲಿ ಇಂಗು. ಒಂದೂವರೆ ಕಪ್ ಪಿಂಟೋ ಬೀನ್ಸನ್ನು ಎಂಟು ಗಂಟೆ ನೆನೆಯಿಟ್ಟು, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಜೀರಿಗೆಯ ಒಗ್ಗರಣೆಯಲ್ಲಿ ಮಸೆದುಕೊಳ್ಳಬೇಕು. ಎರಡು ದೊಣ್ಣೆಮೆಣಸಿನಕಾಯಿ, ಒಂದು ಕಪ್ ಹಸಿ ಜೋಳದ ಕಾಳುಗಳನ್ನು ನೀರಿನಂಶ ಆರುವಂತೆ ಬಾಡಿಸಿಕೊಳ್ಳಬೇಕು. ಸೆಪ್ಟೆಂಬರಿನಲ್ಲಾದರೆ ನಾವು ಪರ್ವತಶ್ರೇಣಿಯನ್ನು ದಾಟಿ ಯಾಕಿಮಾ ಕಣಿವೆಗೆ ಹೋಗಿ ತೋಟದಲ್ಲಿಯೇ ಕಾಯಿ ಕೊಯ್ದು ತರುತ್ತೇವೆ. ೧೯೪೨ರಲ್ಲಿ ಆರಂಭವಾದ ಬ್ರಸೇರೋ ಯೋಜನೆಯ ಕಾಲದಿಂದಲೂ ಆ ಕಣಿವೆಯ ಹೊಲಗಳಲ್ಲಿ ದುಡಿದವರು ಮೆಕ್ಸಿಕೋದ ಜನ; ಈ ಮಳೆನಾಡಿಗೂ ಟೋರ್ಟಿಯಾ ಹೊಸದಲ್ಲ.

೯ಕ್ಕೆ ೧೩ ಅಂಗುಲದ ಗಾಜಿನ ಪಾತ್ರೆಯ ತಳಕ್ಕೆ ಮೊದಲು ಸ್ವಲ್ಪ ಸಾಸ್ ಸವರಬೇಕು. ೬ ಅಂಗುಲದ ಹದಿನೈದು ಟೋರ್ಟಿಯಾಗಳನ್ನು ಕಾವಲಿಯ ಮೇಲೆ ಎಣ್ಣೆ ಸವರಿ ಬಾಡಿಸಿದ್ದರೆ ಅವು ಮುದ್ದೆಯಾಗುವುದಿಲ್ಲ. ಪದರಕ್ಕೆ ಐದರಂತೆ, ಸಂದುಗಳಿಗೆ ತುಂಡು ಮಾಡಿ ಹಾಸಿ, ಮೇಲೆ ಬೀನ್ಸ್, ತರಕಾರಿ, ಸಾಸ್, ಚೀಸ್. ಹೀಗೆಯೇ ಮತ್ತೊಂದು ಪದರ. ಕೊನೆಯ ಟೋರ್ಟಿಯಾಗಳ ಮೇಲೆ ಸಾಸ್ ಮತ್ತು ಚೀಸ್ ಮಾತ್ರ. ಒಟ್ಟು ಮೂರು ಕಪ್ ತುರಿದ ಚೀಸ್ ಸಾಕು. ೩೭೫ ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಹಾಳೆ ಮುಚ್ಚಿ ಇಪ್ಪತ್ತು ನಿಮಿಷ, ಹಾಳೆ ತೆಗೆದು ಹದಿನೈದು ನಿಮಿಷ. ಹೊರತೆಗೆದ ಮೇಲೆ ಹತ್ತು ನಿಮಿಷ ಯಾರೂ ಮುಟ್ಟಕೂಡದು; ಆಗಲೇ ಪದರಗಳು ಕೂಡಿಕೊಂಡು ತುಂಡುಗಳು ಅಚ್ಚುಕಟ್ಟಾಗಿ ಬರುತ್ತವೆ. ಮೇಲೆ ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ಸೌರ್ ಕ್ರೀಮಿನ ಬದಲು ಮನೆಯ ಗಟ್ಟಿ ಮೊಸರು.

ಆ ಹತ್ತು ನಿಮಿಷಗಳಲ್ಲಿಯೇ ನಮ್ಮ ಮನೆಯ ಕನ್ನಡ ತರಗತಿ ನಡೆಯುವುದು. ಹಿರಿಯರ ನಾಮಕರಣದ ಪದ್ಧತಿಯನ್ನು ಅತ್ತೆಯವರು ಮುಂದುವರಿಸಿದ್ದಾರೆ. ಸಾಲ್ಸಾಗೆ ಅವರಿಟ್ಟ ಹೆಸರು ಹಸಿಗೊಜ್ಜು. ಗ್ವಾಕಮೋಲೆಗೆ ಬೆಣ್ಣೆಹಣ್ಣಿನ ಬಜ್ಜಿ. ಕ್ಯಾಸರೋಲನ್ನು ನೋಡಿ, "ಹುಲ್ಲು ಒಟ್ಟಿದ ಹಾಗೆ ರೊಟ್ಟಿ ಒಟ್ಟಿದ್ದೀಯ. ಇದು ಒಟ್ಟುರೊಟ್ಟಿ" ಎಂದರು. ಒಟ್ಟು ಎಂದರೆ ಪೇರಿಸುವುದೂ ಹೌದು, ಜೊತೆಯಾಗಿ ಎಂಬುದೂ ಹೌದು ಎಂದು ನಾನು ಅರ್ಥ ಬಿಡಿಸಿ ಹೇಳಿದಾಗ ಸೊಸೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಅವಳ ಬಾಯಲ್ಲಿಯೂ ಅದೇ ಹೆಸರು. ಊಟದ ಹೊತ್ತಿನಲ್ಲಿ ನಮ್ಮಲ್ಲಿ ಒಂದು ನಿಯಮವಿದೆ: ಬಡಿಸುವುದಕ್ಕೆ, ಉಣ್ಣುವುದಕ್ಕೆ ಸಂಬಂಧಿಸಿದ ಮಾತೆಲ್ಲ ಕನ್ನಡದಲ್ಲಿಯೇ ಆಗಬೇಕು. ಉಣ್ಣುವುದು ಬೇರೆ, ತಿನ್ನುವುದು ಬೇರೆ, ಕುರುಕುವುದು ಬೇರೆ, ಚಪ್ಪರಿಸುವುದು ಬೇರೆ. ನೆಂಚಿಕೊಳ್ಳುವುದಕ್ಕಂತೂ ಇಂಗ್ಲಿಷಿನಲ್ಲಿ ಸಮನಾದ ಪದವೇ ಇಲ್ಲ. "ಅಜ್ಜಿ, ನಿಮಗೆ ನೆಂಚಿಕೊಳ್ಳಲು ಹಸಿಗೊಜ್ಜು ಹಾಕಲಾ?" ಎಂದು ಸ್ಯಾನ್ ಆಂಟೋನಿಯೋದ ಹುಡುಗಿ ಕೇಳಿದಾಗ, "ಹಾಕು ಮಗೂ, ಸಾಕು ಅನ್ನುವವರೆಗೂ ಹಾಕು" ಎಂಬುದು ಅತ್ತೆಯವರ ಉತ್ತರ.

ಇದೆಲ್ಲ ವಿನೋದವೆಂದು ನಿಮಗೆ ತೋರಬಹುದು. ನಮ್ಮ ಬೀಗಿತ್ತಿಯವರು ಹೇಳಿದ ಮಾತನ್ನು ಕೇಳಿದ ಮೇಲೆ ನನಗೆ ಹಾಗೆ ತೋರುವುದಿಲ್ಲ. ಒಂದು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅವರು ನಮ್ಮಲ್ಲಿಗೆ ಬಂದಿದ್ದರು. ನಮ್ಮ ಊಟದ ಗದ್ದಲವನ್ನು ನೋಡುತ್ತ ಕುಳಿತವರು ತಮ್ಮ ಮನೆಯ ಕಥೆ ಹೇಳಿದರು. ಟೆಕ್ಸಾಸಿನಲ್ಲಿ ೧೯೧೮ರಲ್ಲಿ ಬಂದ ಕಾನೂನು ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಮಾತ್ರವೇ ಕಲಿಸಬೇಕೆಂದು ವಿಧಿಸಿತ್ತು. ೧೯೭೩ರಲ್ಲಿ ಆ ರಾಜ್ಯ ದ್ವಿಭಾಷಾ ಶಿಕ್ಷಣದ ಕಾಯಿದೆ ಮಾಡುವ ಹೊತ್ತಿಗೆ ಎರಡು ತಲೆಮಾರುಗಳು ದಾಟಿದ್ದವು. ಬೀಗಿತ್ತಿಯವರ ತಾಯಿ ಬಾಲ್ಯದಲ್ಲಿ, ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಮಾತನಾಡಿದ್ದಕ್ಕಾಗಿ ಅಂಗೈ ಮೇಲೆ ಏಟು ತಿಂದವರು. ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಮನೆಯಲ್ಲಿ ಇಂಗ್ಲಿಷನ್ನೇ ಆಡಿದರು. ಅಡುಗೆ ಮಾತ್ರ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಚಾಚೂ ತಪ್ಪದೆ ಇಳಿಯಿತು. "ನಾನು ಸ್ಪ್ಯಾನಿಷಿನಲ್ಲಿ ಅಡುಗೆ ಮಾಡಬಲ್ಲೆ" ಎಂದರು ಬೀಗಿತ್ತಿ. "ಆದರೆ ನಮ್ಮಜ್ಜಿ ಕೊನೆಗಾಲದಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ನನಗೆ ಪೂರ್ತಿಯಾಗಿ ಅರ್ಥವಾಗಲಿಲ್ಲ."

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಾನು ಹೇಳೋದು ನಿನಗೆ ತಿಳಿಯುತ್ತೆ ತಾನೆ?" ಎಂದು ಕೇಳಿದರು. "ತಿಳಿಯುತ್ತೆ ಅಜ್ಜಿ, ಸ್ವಲ್ಪ ನಿಧಾನವಾಗಿ ಹೇಳಬೇಕು ಅಷ್ಟೆ" ಎಂದಳು ಮಗಳು.

ಸಮ್ಮೇಳನಕ್ಕೆ ಬಂದಿರುವ ಸೋದರ ಸೋದರಿಯರೇ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದು. ಅಡುಗೆ ಉಳಿದ ಮಾತ್ರಕ್ಕೆ ನುಡಿ ಉಳಿಯುವುದಿಲ್ಲ. ರುಚಿ ನೋಡುವ ನಾಲಿಗೆ ನಾಲ್ಕು ತಲೆಮಾರು ನೆನಪಿಟ್ಟುಕೊಂಡೀತು. ಮಾತನಾಡುವ ನಾಲಿಗೆ ಒಂದೇ ತಲೆಮಾರಿನಲ್ಲಿ ಮರೆತೀತು. ಟೆಕ್ಸಾಸಿನ ಆ ಮಕ್ಕಳಿಗೆ ಶಿಕ್ಷೆಯ ಭಯವಿತ್ತು. ನಮ್ಮ ಮಕ್ಕಳ ಅಂಗೈಗೆ ಕನ್ನಡಕ್ಕಾಗಿ ಯಾರೂ ಹೊಡೆಯುತ್ತಿಲ್ಲ. ಅವರು ಯುಗಾದಿ, ರಾಜ್ಯೋತ್ಸವಗಳಿಗೆ ಬರುತ್ತಾರೆ, ಹೋಳಿಗೆಯನ್ನು ಮೆಚ್ಚುತ್ತಾರೆ, ಮೆಚ್ಚಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ; ನಾವೂ ಇಂಗ್ಲಿಷಿನಲ್ಲಿಯೇ ಉತ್ತರಿಸುತ್ತೇವೆ. ಬಿಸಿಬೇಳೆಬಾತನ್ನು ಇಂಗ್ಲಿಷಿನಲ್ಲಿ ಉಣ್ಣುವ ಮನೆಗಿಂತ ಒಟ್ಟುರೊಟ್ಟಿಯನ್ನು ಕನ್ನಡದಲ್ಲಿ ಉಣ್ಣುವ ಮನೆಯಲ್ಲಿ ಕನ್ನಡ ಹೆಚ್ಚು ಕಾಲ ಬಾಳುತ್ತದೆಂಬುದು ನನ್ನ ನಂಬಿಕೆ.

೨೦೦೦ದಲ್ಲಿ ಹ್ಯೂಸ್ಟನ್ನಿನಲ್ಲಿಯೂ ೨೦೧೮ರಲ್ಲಿ ಡಲ್ಲಾಸಿನಲ್ಲಿಯೂ, ಆ ಟೆಕ್ಸಾಸಿನ ನೆಲದ ಮೇಲೆಯೇ, ಅಕ್ಕ ಸಮ್ಮೇಳನಗಳು ನಡೆದವು. ಇಂದೂ ಇಲ್ಲಿ ಭೂರಿಭೋಜನದ ಏರ್ಪಾಡಾಗಿದೆ, ಮನಸಾರೆ ಉಣ್ಣೋಣ. ಮನೆಗೆ ಮರಳಿದ ಮೇಲೆ ವಾರಕ್ಕೊಂದು ರಾತ್ರಿ ಪೀಟ್ಸವಾಗಲಿ, ಪಾಸ್ತಾವಾಗಲಿ, ಮಕ್ಕಳು ಮೆಚ್ಚಿದ್ದನ್ನೇ ಮಾಡಿ ಬಡಿಸಿ. ಒಂದೇ ಷರತ್ತು: ಅದಕ್ಕೊಂದು ಕನ್ನಡದ ಹೆಸರನ್ನು ಮಕ್ಕಳೇ ಇಡಬೇಕು, ಇನ್ನಷ್ಟು ಬೇಕಾದರೆ ಕನ್ನಡದಲ್ಲಿ ಕೇಳಬೇಕು. ಹಸಿದ ಮಕ್ಕಳು ಭಾಷೆಯನ್ನು ಬಲು ಬೇಗ ಕಲಿಯುತ್ತಾರೆ.